ಸ್ಲೈಡಿನ ಮೇಲಿನ ಚೀಟಿ

ಮುನ್ನುಡಿಗಳಲ್ಲಿ, ಪುಸ್ತಕ ಪರಿಚಯಗಳಲ್ಲಿ, ಸೆಮಿನಾರಿನ ಪ್ರಬಂಧಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಈ ಕತೆಗಾರರು ಬದುಕನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದ್ದಾರೆ ಎಂಬುದು ಆ ಮಾತು. ವಿಮರ್ಶಕರನ್ನು ಹೊಗಳುವಾಗಲೂ ಇದೇ ಉಪಕರಣ ಹೊರಗೆ ಬರುತ್ತದೆ. ಚಿಕ್ಕದನ್ನು ದೊಡ್ಡದು ಮಾಡಿ ನೋಡಿದರು, ಬರಿಗಣ್ಣಿಗೆ ಕಾಣದ್ದು ಅವರಿಗೆ ಕಂಡಿತು ಎಂದು ಅದರ ಅರ್ಥ. ಹೊಗಳಿಕೆಯಾದ್ದರಿಂದ ಯಾರೂ ತಕರಾರು ಎತ್ತುವುದಿಲ್ಲ. ನನಗೆ ತಕರಾರಿದೆ. ಕನ್ನಡ ಎಂ.ಎ.ಗೆ ಬರುವ ಮೊದಲು ನಾನು ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ಓದಿದವನು. ಕಲ್ಲು ನೋಡುವ ಸೂಕ್ಷ್ಮದರ್ಶಕದ ಮುಂದೆ, ಅಂದರೆ ಪೆಟ್ರೊಗ್ರಾಫಿಕ್ ಮೈಕ್ರೋಸ್ಕೋಪಿನ ಮುಂದೆ, ಒಂದು ಕಣ್ಣು ಮುಚ್ಚಿ ಕೂತು ಕತ್ತು ನೋಯಿಸಿಕೊಂಡವನು. ಓದುವುದು ಅಂದರೇನು ಅಂತ ನಾನು ಮೊದಲು ಕಲಿತದ್ದು ಕವಿತೆಯಿಂದಲ್ಲ, ಅಲ್ಲಿಂದ. ಆದ್ದರಿಂದ ಆ ಉಪಕರಣವನ್ನು ನಾವು ರೂಪಕವಾಗಿ ಬಳಸುವ ರೀತಿಯ ಬಗ್ಗೆ ನಾಲ್ಕು ಮಾತು ಹೇಳುವ ಹಕ್ಕು ನನಗಿದೆ ಅಂದುಕೊಂಡಿದ್ದೇನೆ.

ಮೊದಲನೆಯದಾಗಿ, ದೊಡ್ಡದು ಮಾಡಿ ತೋರಿಸುವುದು ಆ ಯಂತ್ರದ ಮುಖ್ಯ ಕೆಲಸವೇ ಅಲ್ಲ. ನಾವು ಹೆಚ್ಚಿನ ಹೊತ್ತು ಬಳಸುತ್ತಿದ್ದದ್ದು ತೀರಾ ಕಡಿಮೆ ಶಕ್ತಿಯ ಮಸೂರವನ್ನು. ಅದರ ಕಸುಬೆಲ್ಲ ಬೆಳಕಿನದು. ಸಾಮಾನ್ಯ ಬೆಳಕು ಎಲ್ಲ ದಿಕ್ಕುಗಳಲ್ಲೂ ಕಂಪಿಸುತ್ತಿರುತ್ತದೆ. ಸ್ಲೈಡಿನ ಕೆಳಗಿರುವ ಪೋಲರೈಸರ್ ಅದನ್ನು ಒಂದೇ ದಿಕ್ಕಿನ ಕಂಪನಕ್ಕೆ ಇಳಿಸುತ್ತದೆ. ಮೇಲೆ ಅನಲೈಸರ್ ಎಂಬ ಇನ್ನೊಂದು ಜರಡಿ ಇರುತ್ತದೆ, ಕೆಳಗಿನದಕ್ಕೆ ಲಂಬವಾಗಿ. ಎರಡರ ನಡುವೆ ಏನೂ ಇಲ್ಲದಿದ್ದರೆ ಬೆಳಕು ಹಾಯುವುದಿಲ್ಲ, ನೋಟವೆಲ್ಲ ಕತ್ತಲು. ನಡುವೆ ಒಂದು ಖನಿಜದ ತೆಳುಪದರ ಇಟ್ಟಿರೋ, ಅದು ಬೆಳಕನ್ನು ಎರಡಾಗಿ ಸೀಳಿ ಕಳಿಸುತ್ತದೆ. ಆ ಎರಡು ಮೇಲೆ ಮತ್ತೆ ಕೂಡುವಾಗ ಬಣ್ಣ ಹುಟ್ಟುತ್ತದೆ. ಆ ಬಣ್ಣ ಕಲ್ಲಿನ ಮೈಬಣ್ಣವಲ್ಲ. ಕಲ್ಲು ಬೆಳಕಿಗೆ ಏನು ಮಾಡಿತು ಎಂಬುದರ ಗುರುತು. ಮೇಜನ್ನು ಸುತ್ತಿಸಿದರೆ ಒಂದು ಪೂರ್ತಿ ಸುತ್ತಿನಲ್ಲಿ ಅದೇ ಹರಳು ನಾಲ್ಕು ಸಲ ಆರಿ ನಾಲ್ಕು ಸಲ ಹೊತ್ತಿಕೊಳ್ಳುತ್ತದೆ. ಗಾರ್ನೆಟ್‌ನಂಥ ಕೆಲವು ಖನಿಜಗಳು ಮಾತ್ರ ಎಷ್ಟು ತಿರುಗಿಸಿದರೂ ಹೊತ್ತುವುದಿಲ್ಲ. ಅವು ಬೆಳಕನ್ನು ಸೀಳುವುದಿಲ್ಲ.

ಇದಕ್ಕೆಲ್ಲ ಮೊದಲು ಕಲ್ಲನ್ನು ಬೆಳಕು ಹಾಯುವಷ್ಟು ತೆಳು ಮಾಡಬೇಕು. ಬಿಸ್ಕತ್ತಿನಷ್ಟು ಚೂರು ಕೊಯ್ದು, ಕಾರ್ಬೊರಂಡಂ ಪುಡಿ ಹಾಕಿದ ಗಾಜಿನ ಮೇಲೆ ಒಂದು ಮುಖ ಉಜ್ಜಿ, ನಯವಾದ ಮೇಲೆ ಅದನ್ನು ಕೆನಡಾ ಬಾಲ್ಸಂ ಎಂಬ ಅಂಟಿನಿಂದ ಗಾಜಿನ ಪಟ್ಟಿಗೆ ಕೂರಿಸಿ, ಇನ್ನೊಂದು ಮುಖವನ್ನು ಉಜ್ಜುತ್ತ ಹೋಗಬೇಕು. 0.03 ಮಿಲಿಮೀಟರಿಗೆ ಬರುವ ತನಕ. ಅಷ್ಟಕ್ಕೆ ಬಂತು ಅಂತ ಗೊತ್ತಾಗುವುದು ಹೇಗೆ? ನಮ್ಮ ಲ್ಯಾಬಿನ ಅಟೆಂಡರ್ ಅಣ್ಣನ ಹತ್ತಿರ ಅಳತೆಯ ಉಪಕರಣ ಇರಲಿಲ್ಲ. "ಬೆಣಚುಕಲ್ಲು ಹಳದಿ ಕಂಡ್ರೆ ಇನ್ನೂ ಉಜ್ಜಬೇಕು. ಬೂದಿ ಬಣ್ಣಕ್ಕೆ ಬಂತೋ, ಕೈ ನಿಲ್ಲಿಸಬೇಕು. ಇನ್ನೊಂದು ಸುತ್ತು ತಿರುವಿದ್ರೆ ಕಲ್ಲೇ ಇರಂಗಿಲ್ಲ" ಅನ್ನುತ್ತಿದ್ದ. ಅದು ಬರೀ ಕೈಗುಣದ ಮಾತಲ್ಲ, ಶಾಸ್ತ್ರವೇ ಹಾಗಿದೆ. ಬೆಣಚು, ಅಂದರೆ ಕ್ವಾರ್ಟ್ಜ್, ಆ ದಪ್ಪದಲ್ಲಿ ಬೂದಿಯಿಂದ ಬಿಳಿಯ ತನಕದ ಬಣ್ಣವನ್ನೇ ತೋರಿಸಬೇಕು. ಗೊತ್ತಿರುವ ಒಂದು ಖನಿಜವನ್ನು ನಂಬಿ ಸ್ಲೈಡಿನ ದಪ್ಪ ತಿಳಿಯುತ್ತೇವೆ, ಆ ದಪ್ಪ ನಂಬಿ ಗೊತ್ತಿಲ್ಲದ ಖನಿಜಗಳ ಬಣ್ಣ ಓದುತ್ತೇವೆ. ಸ್ಲೈಡು ದಪ್ಪಗಿದ್ದರೆ ಎಲ್ಲ ಖನಿಜವೂ ಇಲ್ಲದ ಬಣ್ಣ ತೋರಿಸಿ ಬಡಾಯಿ ಕೊಚ್ಚುತ್ತದೆ. ಉಬ್ಬಿಸಿ ಬರೆದ ವಿಮರ್ಶೆಗಳನ್ನು ಓದುವಾಗ ನನಗೆ ಆ ಹಳದಿ ಬೆಣಚು ನೆನಪಾಗುತ್ತದೆ.

ಈ ವಿದ್ಯೆಗೆ ಇನ್ನೂರು ವರ್ಷ ಆಗಿಲ್ಲ. 1828ರಲ್ಲಿ ಎಡಿನ್‌ಬರೋದ ವಿಲಿಯಂ ನಿಕಲ್ ಕ್ಯಾಲ್ಸೈಟಿನ ಸ್ವಚ್ಛ ಹರಳನ್ನು ಕೊಯ್ದು, ಮತ್ತೆ ಅಂಟಿಸಿ, ಬೆಳಕನ್ನು ಒಂದೇ ದಿಕ್ಕಿಗೆ ಇಳಿಸುವ ಪ್ರಿಸಂ ಮಾಡಿದ. ಶೆಫೀಲ್ಡಿನ ಹೆನ್ರಿ ಕ್ಲಿಫ್ಟನ್ ಸಾರ್ಬಿ ಆ ಶತಮಾನದ ನಡುವಿನಲ್ಲಿ ಕಲ್ಲುಗಳ ತೆಳುಪದರ ಮಾಡಿ ಓದತೊಡಗಿದ. ಬೆಟ್ಟವನ್ನು ಅರಿಯಲು ಮೈಕ್ರೋಸ್ಕೋಪು ಹಿಡಿದವನೆಂದು ಅವನನ್ನು ನೋಡಿ ನಕ್ಕವರಿದ್ದರು. ಕ್ಯಾಲ್ಸೈಟೆಂದರೆ ನಮ್ಮ ಸುಣ್ಣಕಲ್ಲಿನ ಖನಿಜವೇ. ಖನಿಜವನ್ನು ಓದಲು ಖನಿಜವೇ ಕನ್ನಡಕವಾಯಿತು. ಭಾಷೆಯನ್ನು ಭಾಷೆಯಿಂದಲೇ ಪರೀಕ್ಷಿಸಬೇಕಾದ ನಮ್ಮಂಥವರಿಗೆ ಅದರಲ್ಲಿ ಆಶ್ಚರ್ಯವೇನಿಲ್ಲ.

ಕಲಿಕೆಯ ಮೊದಲ ವಾರದ ಮಾತು. ನಾನು ಕಣ್ಣಿಟ್ಟ ಕೂಡಲೇ "ಕ್ವಾರ್ಟ್ಜ್ ಸರ್" ಅಂದೆ. ಮೇಷ್ಟ್ರು ಸ್ಲೈಡನ್ನು ನೋಡಲೂ ಇಲ್ಲ. "ಹೆಸರು ಆಮೇಲೆ ಹೇಳಪ್ಪ. ಏನು ಕಾಣ್ತಿದೆ ಅದನ್ನ ಹೇಳು" ಅಂದರು. ಬೂದಿ ಬಣ್ಣ ಕಾಣ್ತಿದೆ ಅಂದೆ. ಅನಲೈಸರ್ ತೆಗೆದು ನೋಡು, ಮೈಮೇಲೆ ಗೀರು ಇದೆಯಾ? ಮೋಡ ಮುಸುಕಿದ ಹಾಗಿದೆಯಾ, ತಿಳಿಯಾಗಿದೆಯಾ? ಪಕ್ಕದ ಹರಳಿಗಿಂತ ಎದ್ದು ಕಾಣುತ್ತದೆಯೋ, ತಗ್ಗಿದೆಯೋ? ಎಲ್ಲಕ್ಕೂ ಉತ್ತರ ಕೊಟ್ಟ ಮೇಲೆ ತಿಳಿಯಿತು, ನಾನು ಕ್ವಾರ್ಟ್ಜ್ ಎಂದದ್ದು ಫೆಲ್ಡ್‌ಸ್ಪಾರ್. ಪಟ್ಟೆ ಇಲ್ಲದ ಫೆಲ್ಡ್‌ಸ್ಪಾರಿಗೂ ಕ್ವಾರ್ಟ್ಜಿಗೂ ಬಣ್ಣ ಹೆಚ್ಚುಕಡಿಮೆ ಒಂದೇ. ಫೆಲ್ಡ್‌ಸ್ಪಾರ್ ಕೊಳೆತು ಮಸುಕಾಗುತ್ತದೆ, ಸೀಳುಗೆರೆ ತೋರಿಸುತ್ತದೆ. ಕ್ವಾರ್ಟ್ಜ್ ಕೊಳೆಯುವುದಿಲ್ಲ, ಸೀಳುಗೆರೆಯೂ ಇಲ್ಲ. ಆಗಲೂ ಅನುಮಾನ ಉಳಿದರೆ ಅಂಚಿನಲ್ಲಿ ಹೊಳೆಯುವ ಬೆಕ್ ಗೆರೆಯನ್ನು ನೋಡಬೇಕು. ಫೋಕಸ್ ಬಿಡಿಸುತ್ತ ಮಸೂರವನ್ನು ಮೇಲೆತ್ತಿದರೆ ಆ ಗೆರೆ ಯಾವ ಖನಿಜದ ವಕ್ರೀಭವನಾಂಕ ಹೆಚ್ಚೋ ಅದರೊಳಗೆ ಸರಿಯುತ್ತದೆ.

ನಮ್ಮ ತರಗತಿಯಲ್ಲಿ ಎಲ್ಲರ ಹತ್ತಿರವೂ ಒಂದು ಪಟ್ಟಿ ಇತ್ತು. ಖನಿಜದ ಹೆಸರು, ಬಣ್ಣ, ಸೀಳು, ಆರುವ ಕೋನ. ಪಟ್ಟಿಯನ್ನು ಉರುಹೊಡೆದವರು ಪರೀಕ್ಷೆಯಲ್ಲಿ ಪಾಸಾದರು. ನಾನೂ ಹಾಗೆಯೇ ಪಾಸಾದದ್ದು. ಈಗ ಕನ್ನಡ ತರಗತಿಗೆ ಹೋದರೆ ಮಕ್ಕಳ ಕೈಯಲ್ಲಿ ಇನ್ನೊಂದು ಪಟ್ಟಿ ಇರುತ್ತದೆ: ನವೋದಯ, ಪ್ರಗತಿಶೀಲ, ನವ್ಯ, ದಲಿತ-ಬಂಡಾಯ. ಒಂದೊಂದರ ಎದುರೂ ನಾಲ್ಕೈದು ಲಕ್ಷಣ. ಕವಿತೆಯಲ್ಲಿ ಪ್ರತಿಮೆ ಕಂಡರೆ ನವ್ಯ, ಸಿಟ್ಟು ಕಂಡರೆ ಬಂಡಾಯ. ಬೂದಿ ಬಣ್ಣ ಕಂಡರೆ ಕ್ವಾರ್ಟ್ಜ್! ಅವರನ್ನು ನೋಡಿ ನಗುವ ಯೋಗ್ಯತೆ ನನಗಿಲ್ಲ. ಪಟ್ಟಿ ಕೊಟ್ಟವರು ನಾವೇ.

ಇಲ್ಲಿ ಪದಗಳ ಮಾತನ್ನೂ ಆಡಿಬಿಡುತ್ತೇನೆ. ಲ್ಯಾಬಿನಲ್ಲಿ ನಾವು ಕನ್ನಡದಲ್ಲೇ ಮಾತಾಡುತ್ತಿದ್ದೆವು, ಪದಗಳು ಮಾತ್ರ ಇಂಗ್ಲಿಷಿನವು. ಹರಳು ಕತ್ತಲಾಗುವುದು ಎಕ್ಸ್‌ಟಿಂಕ್ಷನ್, ತಿರುಗಿಸಿದಾಗ ಮೈಬಣ್ಣ ಬದಲಾಗುವುದು ಪ್ಲಿಯೋಕ್ರೋಯಿಸಂ. ಕನ್ನಡದಲ್ಲಿ ಬರೆಯುವಾಗ ದ್ವಿವಕ್ರೀಭವನ, ಬಹುವರ್ಣತೆ, ಧ್ರುವೀಕರಣ ಎಂಬ ಪದಗಳಿವೆ. ಧ್ರುವೀಕರಣ ಅಂದರೆ ಇವತ್ತಿನ ವಿದ್ಯಾರ್ಥಿಗೆ ಚುನಾವಣೆಯ ಸುದ್ದಿ ನೆನಪಾಗುತ್ತದೆ, ಬೆಳಕು ನೆನಪಾಗುವುದಿಲ್ಲ. ಅದು ಪದದ ತಪ್ಪಲ್ಲ. ಆದರೆ ಹರಳು ಕತ್ತಲಾಗುವುದಕ್ಕೆ ದೊಡ್ಡ ಪದ ಯಾಕೆ ಬೇಕು? ದೀಪ ಆರುತ್ತದೆ, ಹರಳೂ ಆರುತ್ತದೆ. ಬೆಣಚುಕಲ್ಲು, ಕಾಗೆಬಂಗಾರ, ಬಳಪದ ಕಲ್ಲು, ಸುಣ್ಣಕಲ್ಲು ಎಂದು ಊರವರೇ ಹೆಸರಿಟ್ಟ ಖನಿಜಗಳೂ ಕಲ್ಲುಗಳೂ ಬೇಕಾದಷ್ಟಿವೆ. ಈ ಹೆಸರುಗಳ ಗುಣವೆಂದರೆ ಅವು ನೋಡಿದವರು ಇಟ್ಟ ಹೆಸರುಗಳು. ಕಾಗೆಬಂಗಾರ ಎಂದವನು ಅಭ್ರಕದ ಹೊಳಪನ್ನೂ ಕಂಡಿದ್ದಾನೆ, ಅದು ಬಂಗಾರ ಅಲ್ಲ ಅನ್ನುವುದನ್ನೂ ಕಂಡಿದ್ದಾನೆ. ಎರಡು ಅವಲೋಕನ, ಒಂದು ಪದ. ಗಿಡಮರಗಳ ಇಂಥ ಹೆಸರುಗಳನ್ನು ಹಿಡಿದು ಬಿ.ಜಿ.ಎಲ್. ಸ್ವಾಮಿ 'ಹಸುರು ಹೊನ್ನು' ಬರೆದರು. ಅವರೂ ತೆಳುಪದರ ಕೊಯ್ದು ಸೂಕ್ಷ್ಮದರ್ಶಕದಲ್ಲಿ ನೋಡುವ ಕಸುಬಿನವರೇ. ಕಲ್ಲಿನ ವಿಜ್ಞಾನವನ್ನು ಟಿ.ಆರ್. ಅನಂತರಾಮು ಅವರಂಥವರು ದಶಕಗಳಿಂದ ಕನ್ನಡದಲ್ಲಿ ಬರೆದಿದ್ದಾರೆ. ಆದರೆ ಕಲ್ಲನ್ನು ಹೀಗೆ ಕಣ್ಣೆದುರು ತಿರುಗಿಸಿ ತೋರಿಸುವ, ಸಾಹಿತ್ಯದ ಓದುಗರೂ ಎತ್ತಿಕೊಳ್ಳುವ ಪುಸ್ತಕಕ್ಕೆ ನಾನಿನ್ನೂ ಕಾಯುತ್ತಿದ್ದೇನೆ.

ಇನ್ನು ಮುಖ್ಯ ವಿಷಯಕ್ಕೆ. ನಮ್ಮ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಸ್ಲೈಡಿನ ಮೇಲಿನ ಚೀಟಿಯನ್ನು ಕಿತ್ತು ಬರೀ ಸಂಖ್ಯೆ ಹಾಕಿ ಇಡುತ್ತಿದ್ದರು. ಯಾವ ಊರಿನ ಕಲ್ಲು, ಯಾರು ತಂದದ್ದು, ಏನೂ ಗೊತ್ತಾಗಬಾರದು. ಕಂಡದ್ದನ್ನು ಕಂಡ ಹಾಗೆ ಬರೆಯಬೇಕು. ಎಂ.ಎ.ಗೆ ಬಂದಾಗ ಐ.ಎ. ರಿಚರ್ಡ್ಸ್ ಎದುರಾದರು. ಅವರು ಕೇಂಬ್ರಿಜ್‌ನಲ್ಲಿ ವಿದ್ಯಾರ್ಥಿಗಳಿಗೆ ಕವಿಯ ಹೆಸರು, ಕಾಲ ಯಾವುದನ್ನೂ ಕೊಡದೆ ಬರೀ ಕವಿತೆಗಳನ್ನು ಕೊಟ್ಟು ಅಭಿಪ್ರಾಯ ಬರೆಸಿದರು. 13 ಕವಿತೆಗಳ ಮೇಲಿನ ಆ ಬರಹಗಳನ್ನು ಇಟ್ಟುಕೊಂಡು 1929ರಲ್ಲಿ 'ಪ್ರಾಕ್ಟಿಕಲ್ ಕ್ರಿಟಿಸಿಸಂ' ಪ್ರಕಟಿಸಿದರು. ಓದಿದಾಗ ನನಗೆ ಊರಿನವರು ಸಿಕ್ಕ ಹಾಗಾಯಿತು. ಇದು ನಮ್ಮ ಚೀಟಿ ಕಿತ್ತ ಸ್ಲೈಡೇ ಅಲ್ಲವೇ? ಆ ಬುದ್ಧಿವಂತ ಹುಡುಗರು ಮಾಡಿದ ತಪ್ಪುಗಳೂ ನಮ್ಮವೇ. ಕವಿತೆಯಲ್ಲಿ ಇಲ್ಲದ್ದನ್ನು ಕಂಡರು, ಇದ್ದದ್ದನ್ನು ಬಿಟ್ಟರು, ಸಿದ್ಧ ಭಾವನೆಗಳನ್ನು ತಂದು ತುಂಬಿದರು. ಕನ್ನಡದಲ್ಲಿ ನವ್ಯದ ಕಾಲಕ್ಕೆ ಬಂದ ಕೃತಿನಿಷ್ಠ ವಿಮರ್ಶೆಗೆ ಈ ಪುಸ್ತಕದ ಋಣ ಇದೆ. ಕವಿಯ ಮೇಲಿನ ಭಕ್ತಿಯನ್ನೇ ವಿಮರ್ಶೆ ಅಂದುಕೊಂಡಿದ್ದ ಕಾಲದಲ್ಲಿ ಚೀಟಿ ಕಿತ್ತು ಓದಿ ಎಂದದ್ದು ದೊಡ್ಡ ಉಪಕಾರ. ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಸ್ಲೈಡಿಗೆ ಚೀಟಿ ಎಷ್ಟು ಮುಖ್ಯ ಎಂದು ನಾನು ಕಲಿತದ್ದು ಪರೀಕ್ಷೆ ಮುಗಿದ ಮೇಲೆ.

ನನ್ನ ಹತ್ತಿರ ಇನ್ನೂ ನಾಲ್ಕು ಸ್ಲೈಡುಗಳಿವೆ. ಕೊನೆಯ ವರ್ಷದ ಪ್ರಾಜೆಕ್ಟಿಗೆ ನಾಲ್ಕು ಕಡೆ ಕಲ್ಲು ಆರಿಸಿ ತಂದಿದ್ದೆ: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ಆಗ ನ್ಯಾಮತಿ ಇನ್ನೂ ಹೊನ್ನಾಳಿ ತಾಲ್ಲೂಕಿನಲ್ಲೇ ಇತ್ತು. ದೊಡ್ಡ ಸಂಶೋಧನೆ ಏನಲ್ಲ, ಬಸ್ಸು ಹೋಗುವ ಕಡೆ ಹೋಗಿ ಸುತ್ತಿಗೆ ಬೀಸಿದ್ದು. ಹೋದ ವರ್ಷ ಪರಿಚಯದವರ ಲ್ಯಾಬಿನಲ್ಲಿ ಕೂತು ಅವನ್ನು ಮತ್ತೆ ನೋಡಿದೆ.

ಹೊನ್ನಾಳಿಯದು ಗ್ರಾನೈಟಿನಂಥ ನೈಸ್. ಶಿವಮೊಗ್ಗ ಸೀಮೆಯ ಹಸುರುಗಲ್ಲುಗಳ ನಡುವೆ ಗುಮ್ಮಟದಂತೆ ಎದ್ದಿರುವ ಈ ಕಲ್ಲಿನ ಹರವನ್ನು ಭೂವಿಜ್ಞಾನಿಗಳು ಹೊನ್ನಾಳಿ ಡೋಮ್ ಅನ್ನುತ್ತಾರೆ. ಕಲಿಯುವವರಿಗೆ ಇದಕ್ಕಿಂತ ಉದಾರವಾದ ಸ್ಲೈಡು ಇಲ್ಲ. ಪ್ಲಾಜಿಯೋಕ್ಲೇಸ್ ಕಪ್ಪುಬಿಳುಪಿನ ಗೆರೆಗಳಲ್ಲಿ ಬರುತ್ತದೆ, ನಾವು ಹುಡುಗರು ಅದನ್ನು ಪಟ್ಟಾಪಟ್ಟಿ ಚಡ್ಡಿ ಅನ್ನುತ್ತಿದ್ದೆವು. ಮೈಕ್ರೋಕ್ಲೈನ್ ಚೌಕಳಿ ಟವೆಲು. ಬಯೊಟೈಟನ್ನು ಅನಲೈಸರ್ ಇಲ್ಲದೆ ತಿರುಗಿಸಿದರೆ ತಿಳಿ ಕಂದಿನಿಂದ ಕಾಫಿಯ ಡಿಕಾಕ್ಷನ್ ಬಣ್ಣಕ್ಕೆ ಹೋಗಿ ಮತ್ತೆ ತಿರುಗಿ ಬರುತ್ತದೆ. ಅವುಗಳ ಸಂದಿಯಲ್ಲೆಲ್ಲ ಬೆಣಚು. ಎಲ್ಲರೂ ತಮ್ಮ ತಮ್ಮ ಹೆಸರು ಕೂಗಿ ಹೇಳುವ ಸಭೆ ಅದು.

ನ್ಯಾಮತಿಯದು ಬೇರೆ. ಆ ಸುತ್ತಿನ ಕುದುರೆಕೊಂಡ, ಪಲವನಹಳ್ಳಿಗಳಲ್ಲಿ ಹಳೆಯ ಚಿನ್ನದ ಗುಂಡಿಗಳಿವೆ. ಭೂವಿಜ್ಞಾನದ ಪುಸ್ತಕಗಳಲ್ಲಿ ಇದು ಹೊನ್ನಾಳಿ ಚಿನ್ನದ ಸೀಮೆ. ಚಿನ್ನ ಇರುವುದು ಬೆಣಚಿನ ಎಳೆಗಳಲ್ಲಿ. ನಾನು ತಂದದ್ದು ಅಂಥ ಎಳೆಯೊಂದರ ಚೂರು. ಸ್ಲೈಡಿನಲ್ಲಿ ಬೆಣಚು ಒಮ್ಮೆಗೇ ಆರುವುದಿಲ್ಲ, ಒಂದೇ ಹರಳಿನ ಮೇಲೆ ಕತ್ತಲು ಮೋಡದ ನೆರಳಿನಂತೆ ಅಲೆಯಾಗಿ ಸರಿಯುತ್ತದೆ. ಆ ಕಲ್ಲು ನೆಲದೊಳಗೆ ಹಿಂಡಿಸಿಕೊಂಡಿದೆ ಎಂಬುದಕ್ಕೆ ಅದೇ ಸಾಕ್ಷಿ. ನಡುವೆ ಕಾರ್ಬೊನೇಟು, ತಿರುಗಿಸಿದಾಗ ಎದ್ದು ತಗ್ಗಿ ಮಿಣುಕುತ್ತದೆ. ಅಲ್ಲಲ್ಲಿ ಕಪ್ಪು ಚುಕ್ಕೆಗಳು. ಆ ಕಪ್ಪು ಪೈರೈಟಿರಬಹುದು, ಚಿನ್ನವೂ ಇರಬಹುದು. ಕೆಳಗಿನಿಂದ ಬೆಳಕು ಹಾಯಿಸುವ ಈ ಸೂಕ್ಷ್ಮದರ್ಶಕದಲ್ಲಿ ಚಿನ್ನ ಬರೀ ಕಪ್ಪು.

ಚನ್ನಗಿರಿಯ ಕತೆಯೂ ಅದೇ. ಅಲ್ಲಿನ ಮಸಣಿಕೆರೆಯ ಹತ್ತಿರ ಟೈಟಾನಿಯಂ, ವನೇಡಿಯಂ ಸೇರಿದ ಮ್ಯಾಗ್ನೆಟೈಟಿನ ನಿಕ್ಷೇಪವಿದೆ. ಕೈಯಲ್ಲಿ ಹಿಡಿದರೆ ತೂಕಕ್ಕೇ ಗೊತ್ತಾಗುವ ಕಲ್ಲು, ಅಯಸ್ಕಾಂತ ಕಚ್ಚುವ ಕಲ್ಲು. ಸ್ಲೈಡಿನಲ್ಲಿ ಮುಕ್ಕಾಲು ಭಾಗ ಕತ್ತಲು, ಅಂಚಿನಲ್ಲಿ ಒಂದಿಷ್ಟು ಹಸುರು ಕ್ಲೋರೈಟು. ಇಂಥ ಕಲ್ಲನ್ನು ಗಾಜು ಮುಚ್ಚದೆ, ಮೇಲ್ಮೈಯನ್ನು ಕನ್ನಡಿಯಂತೆ ಮೆರುಗು ಮಾಡಿ, ಮೇಲಿನಿಂದ ಬೆಳಕು ಬಿಟ್ಟು ಪ್ರತಿಫಲನದಲ್ಲಿ ನೋಡಬೇಕು. ಆಗ ಮ್ಯಾಗ್ನೆಟೈಟಿನೊಳಗೆ ಇಲ್ಮೆನೈಟಿನ ತೆಳುಗೆರೆಗಳು ಕಾಣುತ್ತವೆ. ಅಂದರೆ ಈ ನಾಲ್ಕು ತಾಲ್ಲೂಕುಗಳಲ್ಲಿ ಜನ ಬೆಲೆ ಕಟ್ಟಿದ ಖನಿಜಗಳೇ ನಾನು ಕಷ್ಟಪಟ್ಟು ಕಲಿತ ಉಪಕರಣಕ್ಕೆ ಕಪ್ಪು ಕಲೆಗಳು. ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಕೇಳದೆ, ಇಲ್ಲಿ ನೋಡುವಂಥದ್ದು ಏನೂ ಇಲ್ಲ ಅಂದುಬಿಡುವ ಅಭ್ಯಾಸ ನಮ್ಮ ವಿಮರ್ಶೆಗೂ ಇದೆ. ಜನಪದ ಕಾವ್ಯಗಳನ್ನು ಬಹುಕಾಲ ಹಾಗೇ ನೋಡಿದೆವು. ಕೆಳಗಿನಿಂದ ಬೆಳಕು ಬಿಟ್ಟು, ಕಪ್ಪಗಿದೆ ಅಂದೆವು.

ನಾಲ್ಕನೆಯದು ಜಗಳೂರಿನದು, ಅಥವಾ ಜಗಳೂರಿನದು ಅಂತ ನಾನು ಅಂದುಕೊಂಡಿರುವುದು. ಅದರ ಚೀಟಿಯ ಶಾಯಿ ಇಂಗಿಹೋಗಿದೆ, 'ಜ' ಅನ್ನುವ ಅಕ್ಷರ ಮಾತ್ರ ಓದಬಹುದು. ಉಳಿದ ಮೂರೂ ಚೀಟಿ ಸರಿಯಾಗಿರುವುದರಿಂದ ಇದು ಜಗಳೂರಿನದೇ ಇರಬೇಕು. ಆದರೆ ಜಗಳೂರಿನಲ್ಲಿ ಎಲ್ಲಿಯದು? ಚಿತ್ರದುರ್ಗದ ಶಿಸ್ಟ್ ಪಟ್ಟಿ ಉತ್ತರಕ್ಕೆ ಸಾಗುವ ದಾರಿ ಅದು. ಹಳೆಯ ಲಾವಾ ಹಸುರುಗಲ್ಲಾದದ್ದು, ನೀರಿನಡಿ ಮಣ್ಣು ಮರಳು ಕೂತು ಕಲ್ಲಾದದ್ದು, ಪಕ್ಕದಲ್ಲೇ ಗ್ರಾನೈಟು, ಎಲ್ಲ ಇರುವ ನೆಲ. ಸ್ಲೈಡಿನಲ್ಲಿ ಕಾಣುವುದು ಇಷ್ಟು: ಮೂಲೆ ಮುರಿದ ಬೆಣಚಿನ ಚೂರುಗಳು, ಒಡೆದ ಫೆಲ್ಡ್‌ಸ್ಪಾರ್, ಸುತ್ತ ಕಣ್ಣಿಗೆ ಬಿಡಿಸಲಾಗದಷ್ಟು ನುಣ್ಣಗಿನ ಕ್ಲೋರೈಟು, ಸೆರಿಸೈಟುಗಳ ಹಿಟ್ಟು, ಎಲ್ಲ ಒಂದೇ ದಿಕ್ಕಿಗೆ ಎಳೆದ ಹಾಗೆ. ಇದು ಗ್ರೇವ್ಯಾಕ್ ಆಗಿರಬಹುದು, ಅಂದರೆ ನೀರಿನಲ್ಲಿ ಹರಿದು ಬಂದು ಕೂತ ಕೊಳೆ ಮರಳು. ಒತ್ತಡಕ್ಕೆ ಸಿಕ್ಕಿ ಜಜ್ಜಿಹೋದ ಗ್ರಾನೈಟೋ ಪಾರ್ಫಿರಿಯೋ ಆಗಿರಬಹುದು. ಒಂದು ನೀರಿನ ಕತೆ, ಇನ್ನೊಂದು ಬೆಂಕಿಯ ಕತೆ. ಖನಿಜಗಳ ಹೆಸರನ್ನೆಲ್ಲ ಸರಿಯಾಗಿ ಹೇಳಿದ ಮೇಲೂ ಕಲ್ಲಿನ ಹೆಸರು ಹೇಳಲು ಆಗುತ್ತಿಲ್ಲ.

ನನ್ನ ಅರೆಬರೆ ವಿದ್ಯೆಗೆ ಮಾತ್ರ ಬಂದ ತೊಡಕು ಇದಲ್ಲ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಇದೇ ತೊಡಕಿನಲ್ಲಿ ದಶಕಗಳ ಕಾಲ ಇತ್ತು. ಇಲಾಖೆ ಶುರುವಾದದ್ದು 1894ರಲ್ಲಿ, ರಾಬರ್ಟ್ ಬ್ರೂಸ್ ಫೂಟ್ ನೇತೃತ್ವದಲ್ಲಿ. ಪಲ್ಲಾವರಂನಲ್ಲಿ 1863ರಲ್ಲಿ ಹಳೆ ಶಿಲಾಯುಗದ ಕೊಡಲಿ ಕಂಡವರು ಇವರೇ. ನಮ್ಮ ಈ ಶಿಸ್ಟ್ ಪಟ್ಟಿಗಳಿಗೆ ಧಾರವಾಡದ ಹೆಸರಿಟ್ಟು ಒಂದು ವ್ಯವಸ್ಥೆಯಾಗಿ ಗುರುತಿಸಿದವರೂ ಇವರೇ. ಎತ್ತಿನ ಗಾಡಿ, ಕುದುರೆಗಳ ಕಾಲದಲ್ಲಿ ನೆಲ ಸುತ್ತಿದ ಮನುಷ್ಯ. ಧಾರವಾಡ ಕಲ್ಲುಗಳಲ್ಲಿ ಲಾವಾ ಜೊತೆಗೆ ನೀರಿನಲ್ಲಿ ಕೂತ ಕಲ್ಲುಗಳೂ ಇವೆ, ಕಂಗ್ಲಾಮರೇಟುಗಳಲ್ಲಿರುವ ಉಂಡೆಗಳು ಹೊಳೆಯಲ್ಲಿ ಉರುಳಿದ ಬೆಣಚುಗುಂಡುಗಳೇ ಎಂದು ಅವರು ಓದಿದರು. ಅವರ ನಂತರ ಬಂದ ಡಬ್ಲ್ಯು.ಎಫ್. ಸ್ಮೀತ್ ಇದನ್ನು ತಿರುಗಿಸಿ ಹಾಕಿದರು. ಧಾರವಾಡ ಕಲ್ಲುಗಳ ಬಹುಭಾಗ ಬೆಂಕಿಯಿಂದ ಹುಟ್ಟಿದ್ದೇ. ಕಂಗ್ಲಾಮರೇಟೆಂದು ಕಾಣುವುದು ಕಲ್ಲು ತಾನಿದ್ದಲ್ಲೇ ಜಜ್ಜಿ, ಹೊರಳಿ, ಉಂಡೆಯಾದದ್ದು. ಕ್ವಾರ್ಟ್ಜೈಟೆಂಬುದು ಜಜ್ಜಿದ ಪಾರ್ಫಿರಿ. ಇದು ಅವರ ವಾದ. ಚನ್ನಗಿರಿಗೆ ದೂರವಲ್ಲದ ತರೀಕೆರೆ ಸೀಮೆಯ ಕಲ್ದುರ್ಗದ ಕಂಗ್ಲಾಮರೇಟಿಗೂ ಇದೇ ವಿವರಣೆ ಬಂತು. ಸ್ಮೀತ್ ಸಾಧಾರಣ ವಿಜ್ಞಾನಿಯಲ್ಲ. ಅವರ ಕಾಲದ ಇಲಾಖೆ ಕಲ್ಲು ನೋಡದೆ, ಸ್ಲೈಡು ನೋಡದೆ ಹೀಗೆ ಹೇಳಿದ್ದೂ ಅಲ್ಲ. ಆ ಸ್ಲೈಡುಗಳು ನಿಜಕ್ಕೂ ಎರಡು ಓದಿಗೂ ಒಪ್ಪುತ್ತವೆ. ನನ್ನ ಜಗಳೂರಿನ ಸ್ಲೈಡಿನ ಹಾಗೆಯೇ. ಜಜ್ಜಿದ ಗ್ರಾನೈಟು ಮರಳುಗಲ್ಲಿನ ವೇಷ ಹಾಕುತ್ತದೆ, ಹಿಂಡಿಸಿಕೊಂಡ ಮರಳುಗಲ್ಲು ತನ್ನ ಗುಂಡನೆಯ ಅಂಚುಗಳನ್ನು ಕಳೆದುಕೊಳ್ಳುತ್ತದೆ.

ತೀರ್ಪು ಬಂದದ್ದು ಹೊಲಬಯಲಿನಿಂದ. ಕ್ವಾರ್ಟ್ಜೈಟಿನ ಮೇಲೆ ಅಲೆಯ ಗುರುತುಗಳು ಸಿಕ್ಕವು, ಹರಿಯುವ ನೀರು ಮರಳನ್ನು ಓರೆಯಾಗಿ ಜೋಡಿಸಿದ ಪದರಗಳು ಸಿಕ್ಕವು. ಜಜ್ಜಿದ ಪಾರ್ಫಿರಿಯ ಮೇಲೆ ಅಲೆ ಏಳುವುದಿಲ್ಲ. ಬಿ. ರಾಮರಾವ್ 1940ರಲ್ಲಿ ಮೈಸೂರಿನ ಆರ್ಕಿಯನ್ ಶಿಲೆಗಳ ಬಗ್ಗೆ ಬರೆದ ಇಲಾಖೆಯ ಬುಲೆಟಿನ್‌ನಲ್ಲಿ, ಜಲಜ ಕಲ್ಲುಗಳಿಗೆ ಅವುಗಳ ಜಾಗ ವಾಪಸು ಸಿಕ್ಕಿತು. ಅಲೆಯ ಗುರುತು ಸ್ಲೈಡಿನಲ್ಲಿ ಕಾಣುವಂಥದ್ದಲ್ಲ. ಅದು ಒಂದು ಗೇಣು, ಒಂದು ಮಾರು ಅಗಲದ ವಿಷಯ. ಅದನ್ನು ನೋಡಲು ಬಂಡೆಯ ಮುಂದೆ ಕೂರಬೇಕು, ಬೆಳಿಗ್ಗೆಯೋ ಸಂಜೆಯೋ, ಓರೆ ಬಿಸಿಲಿನಲ್ಲಿ.

ನಾವು ಸಾಹಿತ್ಯದವರು ಈ ಪ್ರಸಂಗವನ್ನು ನಮಗೆ ಬೇಕಾದ ಕಡೆ ಎಳೆದುಕೊಳ್ಳಬಹುದು. ನೋಡಿ, ಬರೀ ಪಠ್ಯ ಸಾಲದು, ಸಂದರ್ಭ ಬೇಕು ಎಂದು ಹೇಳಿ ಕೈ ತೊಳೆದುಕೊಳ್ಳಬಹುದು. ಇವತ್ತಿನ ಕನ್ನಡ ವಿಮರ್ಶೆಯಲ್ಲಿ ಆ ಅಪಾಯವೇ ಹೆಚ್ಚು. ನವ್ಯದ ಕಾಲದಲ್ಲಿ ಚೀಟಿ ಕಿತ್ತು ಸ್ಲೈಡು ನೋಡಿದರು. ಈಗ ನಾವು ಚೀಟಿ ಓದಿ ಸ್ಲೈಡನ್ನು ಪೆಟ್ಟಿಗೆಗೆ ಹಾಕುತ್ತೇವೆ. ಲೇಖಕರ ಊರು, ಜಾತಿ, ದಶಕ, ಚಳವಳಿ ತಿಳಿದ ಕೂಡಲೇ ಕೃತಿಯಲ್ಲಿ ಏನಿರಬೇಕೆಂದು ನಮಗೆ ಗೊತ್ತಾಗಿಬಿಡುತ್ತದೆ. ಹೊನ್ನಾಳಿಯ ಕಲ್ಲೆಂದು ಚೀಟಿ ಹೇಳಿದರೆ ಚಿನ್ನ ಇದೆ ಎಂದು ಬರೆದ ಹಾಗೆ. ಸ್ಮೀತ್ ಮಾಡಿದ ತಪ್ಪಿನಲ್ಲಿ ದುಡಿಮೆ ಇತ್ತು, ಇದರಲ್ಲಿ ಅದೂ ಇಲ್ಲ. ಇನ್ನೊಂದು ಮಾತು ಮರೆಯಬಾರದು. ಅಲೆಯ ಗುರುತು ಕಂಡವರೂ ಸ್ಲೈಡು ಓದಬಲ್ಲವರೇ. ಇದು ಕ್ವಾರ್ಟ್ಜೈಟು ಹೌದೋ ಅಲ್ಲವೋ ಎಂದು ಸ್ಲೈಡಿನಲ್ಲಿ ಗೊತ್ತಿಲ್ಲದಿದ್ದರೆ ಅದರ ಮೇಲಿನ ಅಲೆಗೆ ಏನರ್ಥ?

ಚೀಟಿಯನ್ನೂ ಪಠ್ಯವನ್ನೂ ಒಟ್ಟಿಗೆ ಇಟ್ಟುಕೊಂಡ ಒಂದು ಪರಂಪರೆ ಕನ್ನಡ ವಿದ್ಯಾರ್ಥಿಗಳ ಕೈಯಳತೆಯಲ್ಲೇ ಇದೆ, ಅದೂ ಕಲ್ಲಿನದೇ. ಬಿ.ಎಲ್. ರೈಸ್ 'ಎಪಿಗ್ರಾಫಿಯಾ ಕರ್ನಾಟಿಕ' ಸಂಪುಟಗಳಲ್ಲಿ ಶಾಸನಗಳನ್ನು ತಾಲ್ಲೂಕುವಾರು ಜೋಡಿಸಿ ಸಂಖ್ಯೆ ಕೊಟ್ಟರು. ಹೊನ್ನಾಳಿ, ಚನ್ನಗಿರಿಯವು ಶಿವಮೊಗ್ಗದ 7ನೇ ಸಂಪುಟದಲ್ಲಿವೆ, ಜಗಳೂರಿನವು ಚಿತ್ರದುರ್ಗದ 11ರಲ್ಲಿ. ಪ್ರತಿ ಶಾಸನದ ತಲೆಯ ಮೇಲೆ ಅದು ಯಾವ ಹಳ್ಳಿಯಲ್ಲಿ, ಯಾವ ಗುಡಿಯ ಎದುರಿಗೆ, ಯಾವ ಹೊಲದಲ್ಲಿ ನಿಂತಿದೆ ಎಂಬ ಒಂದು ಸಾಲು ಇರುತ್ತದೆ. ಕಲ್ಲು ಈಗ ಅಲ್ಲಿ ಇಲ್ಲದಿರಬಹುದು, ಹಳ್ಳಿಯ ಹೆಸರು ಬದಲಾಗಿರಬಹುದು, ತಾಲ್ಲೂಕು ಬೇರೆ ಜಿಲ್ಲೆಗೆ ಹೋಗಿರಬಹುದು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಈ ಮೂರೂ ಹಾಗೆ ಬಂದವೇ. ಆದರೂ ಹೊನ್ನಾಳಿಯ ಇಂಥ ಸಂಖ್ಯೆ ಎಂದರೆ ಇವತ್ತಿಗೂ ಎಲ್ಲರಿಗೂ ಒಂದೇ ಕಲ್ಲು ಗೊತ್ತಾಗುತ್ತದೆ. ಅಕ್ಷರವನ್ನು ಒಂದೊಂದಾಗಿ ಬಿಡಿಸಿ ಓದುವ ಹಟ, ಕಲ್ಲು ನಿಂತ ಜಾಗವನ್ನು ಬರೆದಿಡುವ ಹಟ ಎರಡೂ ಅಲ್ಲಿ ಒಂದೇ ಕೆಲಸದ ಭಾಗ. ಶಾಸನ ಓದುವವರಲ್ಲಿ ಪಠ್ಯ ಮತ್ತು ಸಂದರ್ಭದ ಜಗಳ ನಡೆದದ್ದನ್ನು ನಾನು ಕೇಳಿಲ್ಲ. ಅವರಿಗೆ ಪುರಸೊತ್ತು ಇರಲಿಲ್ಲವೇನೋ.

ಜಗಳೂರಿನ ಸ್ಲೈಡಿನ ವಿಷಯ ಹೇಳಿ ಮುಗಿಸುತ್ತೇನೆ. ಹೋದ ಬೇಸಿಗೆಯಲ್ಲಿ ಅದನ್ನು ಒಂದು ಬೆಂಕಿಪೊಟ್ಟಣದಲ್ಲಿ ಹತ್ತಿ ಸುತ್ತಿ ಇಟ್ಟುಕೊಂಡು ಜಗಳೂರಿಗೆ ಹೋದೆ. ಅಂದು ಕಲ್ಲು ಒಡೆದ ಜಾಗ ನೆನಪಿಗೆ ಬಂದೀತು ಅಂತ ಆಸೆ. ರಸ್ತೆ ಅಗಲವಾಗಿದೆ, ಅಂಗಡಿಗಳು ಬಂದಿವೆ. ಒಂದು ಗುಡ್ಡದ ಪಕ್ಕ, ಎಡಕ್ಕೆ ಹುಣಸೆಮರ ಇತ್ತು ಅನ್ನುವುದಷ್ಟೇ ನನ್ನ ತಲೆಯಲ್ಲಿ ಉಳಿದಿದ್ದ ಚೀಟಿ. ಕುರಿ ಮೇಯಿಸುತ್ತಿದ್ದ ಹಿರಿಯರೊಬ್ಬರನ್ನು ಕೇಳಿದೆ. "ಹುಣಸೇಮರ ಯಾವ ಗುಡ್ಡದ ಬುಡಕ್ಕೆ ಇಲ್ಲಪ್ಪ? ಎಂಥಾ ಕಲ್ಲು ಬೇಕಿತ್ತು ನಿಂಗೆ?" ಅಂದರು. ಸ್ಲೈಡು ತೆಗೆದು ಬಿಸಿಲಿಗೆ ಹಿಡಿದು ತೋರಿಸಿದೆ. ಗಾಜಿನ ಮೇಲೆ ತಿಳಿ ಹಸುರಿನ ಮಸುಕು, ಅಷ್ಟೇ. ಅವರು ಅದನ್ನು ಹಿಂದೆ ಮುಂದೆ ಮಾಡಿ ನೋಡಿದರು, ಚೀಟಿಯ ಕಡೆಯನ್ನೂ ನೋಡಿದರು. "ಇಷ್ಟು ಸವೆಸಿಬಿಟ್ರೆ ಕಲ್ಲು ಯಾವ್ದು ಅಂತ ಯಾರಿಗೆ ಗೊತ್ತಾಗುತ್ತೆ" ಎಂದು ವಾಪಸು ಕೊಟ್ಟು, ಅದೋ ಆ ಕಡೆ ಎರಡು ಗುಡ್ಡ ಇವೆ, ಎರಡರ ಕಲ್ಲೂ ಬೇರೆ ಬೇರೆ, ನೋಡ್ಕೊಂಡು ಬಾ ಅಂದರು. ಎರಡು ಕಡೆಯಿಂದಲೂ ಚೂರು ತಂದಿದ್ದೇನೆ. ಈ ಸಲ ಸೀಸದಕಡ್ಡಿಯಲ್ಲಿ ಚೀಟಿ ಬರೆದಿದ್ದೇನೆ, ಶಾಯಿಯಲ್ಲಿ ಅಲ್ಲ. ಉಜ್ಜಿಸಬೇಕು.